ಬುಧವಾರ ಬರುವ ಪಿರಿವಿನವರು

ಹಿಟ್ಟಿನ ಗಿರಣಿ ಇಟ್ಟುಕೊಂಡವರಿಗೆ ತಗಾದೆಗಳ ಬರಗಾಲ ಅನ್ನುವುದೇ ಇಲ್ಲ. ತಂದ ಅಕ್ಕಿಗಿಂತ ಹಿಟ್ಟು ಕಡಿಮೆಯಾಯಿತು ಅಂತ ಒಬ್ಬರು, ನುಣ್ಣಗಾಗಲಿಲ್ಲ ಅಂತ ಇನ್ನೊಬ್ಬರು, ಹಿಟ್ಟು ಬಿಸಿಯಾಗಿದೆ ಅಂತ ಮತ್ತೊಬ್ಬರು. ಇಂಥವು ವಾರಕ್ಕೆ ಎರಡಾದರೂ ನನ್ನ ಪಾಲಿಗೆ ಇದ್ದೇ ಇರುತ್ತವೆ. ಕೇಳಿ ಕೇಳಿ ನನ್ನ ಕಿವಿ ದಪ್ಪವಾಗಿಬಿಟ್ಟಿದೆ. ಆದರೆ ನನ್ನ ಗಿರಣಿ ಪಕ್ಕದವರ ಗೋಡೆಯನ್ನು ಒಡೆಯಿತು ಅಂತ ಒಬ್ಬ ವಸೂಲಿಯವರು ಆರು ತಿಂಗಳು ನನ್ನ ಬಾಗಿಲಿಗೆ ಬಂದ ಕತೆ ಮಾತ್ರ ಈ ಪೇಟೆಯಲ್ಲಿ ನನ್ನೊಬ್ಬಳದೇ.

ಗಿರಣಿ ಇರುವುದು ಕೇರಳದ ವಯನಾಡಿನ ಕಾಟ್ಟಿಕುಳಂನಲ್ಲಿ, ಬಾವಲಿಗೆ ಹೋಗುವ ರಸ್ತೆಯ ಮೇಲೆ. ಮುಂದುಗಡೆ ಗಿರಣಿ, ಹಿಂದುಗಡೆ ನನ್ನ ಕೋಣೆ. ನಾನು ಗುಂಡ್ಲುಪೇಟೆ ಕಡೆಯಿಂದ ಮದುವೆಯಾಗಿ ಬಂದವಳು. ಯಜಮಾನರು ಗಿರಣಿ ಹಾಕಿದರು, ಬೆಲ್ಟು ಏರಿಸುವುದನ್ನೂ ಕಲ್ಲಿಗೆ ಉಳಿ ಹೊಡೆಯುವುದನ್ನೂ ನನಗೆ ಕಲಿಸಿದರು, ಒಂದು ಮಳೆಗಾಲ ಜ್ವರ ಬಂದು ಹೊರಟುಹೋದರು. ಮಕ್ಕಳಾಗಲಿಲ್ಲ. ಗಿರಣಿ ಓಡುವಾಗ ಯಾರ ಮಾತೂ ಕೇಳಿಸುವುದಿಲ್ಲ. ನಿಲ್ಲಿಸಿದ ಮೇಲೆ ಮಾತಾಡುವುದಕ್ಕೆ ಯಾರೂ ಇರುವುದಿಲ್ಲ. ನಗುವವರು ಇದಕ್ಕೂ ನಗಬಹುದು, ನಾನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಅದರಲ್ಲೂ ಬುಧವಾರ. ನನ್ನ ಹತ್ತಿರ ಇರುವುದು ಒಂದೇ ಯಂತ್ರ. ಮೆಣಸಿನಕಾಯಿ ಅರೆದ ಕಲ್ಲಿನಲ್ಲಿ ಗೋಧಿ ಹಾಕಿದರೆ ಗೋಧಿಯೂ ಖಾರ. ಅದಕ್ಕೆ ಬುಧವಾರ ಮೆಣಸಿನಕಾಯಿಗೆ ಮಾತ್ರ ಅಂತ ಯಜಮಾನರ ಕಾಲದಿಂದ ಕಟ್ಟಳೆ. ಮರುದಿನ ಬೆಳಗ್ಗೆ ಎರಡು ಸಲ ತೌಡು ಓಡಿಸಿ ಕಲ್ಲು ತೊಳೆದ ಹಾಗೆ ಮಾಡಿದ ಮೇಲೆಯೇ ಅಕ್ಕಿ, ರಾಗಿ. ಬುಧವಾರ ಜನ ಚೀಲವನ್ನು ಬಾಗಿಲಲ್ಲಿ ಇಟ್ಟು, ಮೂಗು ಮುಚ್ಚಿಕೊಂಡು ಓಡುತ್ತಾರೆ. ಸಂಜೆ ಬಂದು ಮೂಗು ಮುಚ್ಚಿಕೊಂಡೇ ಪುಡಿ ಒಯ್ಯುತ್ತಾರೆ. ಮೂಗು ಹಿಡಿದುಕೊಂಡವರ ಹತ್ತಿರ ಕ್ಷೇಮಸಮಾಚಾರ ಕೇಳುವುದಾದರೂ ಹೇಗೆ?

ಗೋಡೆ

ನನ್ನ ಗಿರಣಿಗೆ ಅಂಟಿಕೊಂಡೇ ಪಕ್ಕದ ಮಾಲೀಕರ ಕಟ್ಟಡ. ಕೆಳಗೆ ಒಂದು ಕ್ಷೌರದ ಅಂಗಡಿ, ಅದು ಬಾಡಿಗೆಗೆ. ಹಳೆಯ ಮಣ್ಣಿನ ಗೋಡೆ, ನಮ್ಮ ಯಜಮಾನರಿಗಿಂತಲೂ ಮುಂಚಿನದು. ವಯನಾಡು ಹೊಸ ಜಿಲ್ಲೆ ಆಯಿತು ಅಂತ ಎಲ್ಲ ಕಡೆ ಸಂಭ್ರಮ ನಡೆದಾಗ ಮಾಲೀಕರಿಗೆ ಒಂದು ಲೆಕ್ಕ ಹೊಳೆಯಿತು. ಜಿಲ್ಲೆ ಆದರೆ ಆಫೀಸುಗಳು ಬರುತ್ತವೆ, ಆಫೀಸುಗಳಿಗೆ ಕೋಣೆ ಬೇಕು, ಕೋಣೆ ತನ್ನ ಹತ್ತಿರ ಇರಬೇಕು. ಸರಿ, ಆ ಮಣ್ಣಿನ ಗೋಡೆಯ ಮೇಲೆ ಕಾಂಕ್ರೀಟು ಹಾಕಿ ಮಹಡಿ ಎಬ್ಬಿಸಿಯೇಬಿಟ್ಟರು.

ಆಫೀಸುಗಳೆಲ್ಲ ಕಲ್ಪೆಟ್ಟಕ್ಕೆ ಹೋದವು. ಕಾಟ್ಟಿಕುಳಂಗೆ ಬಂದದ್ದು ಆಫೀಸುಗಳಿಗೆ ದಾರಿ ತೋರಿಸುವ ಒಂದು ಬೋರ್ಡು. ವರ್ಷ ಕಾದು ಸುಸ್ತಾಗಿ, ಮಾಲೀಕರು ತಾವೇ ಹೆಂಡತಿಯನ್ನೂ ತಾಯಿಯನ್ನೂ ಕರೆದುಕೊಂಡು ಮಹಡಿ ಹತ್ತಿ ಸಂಸಾರ ಹೂಡಿದರು. ಆ ಹೊತ್ತಿಗೆ ಕೆಳಗೆ ಕ್ಷೌರದ ಅಂಗಡಿಯ ಕನ್ನಡಿಯ ಪಕ್ಕ ಒಂದು ಬಿರುಕು ಕಾಣಿಸಿಕೊಂಡಿತ್ತು.

ಮಾಲೀಕರು ಬಂದು ನನ್ನ ಬಾಗಿಲಲ್ಲಿ ನಿಂತು, "ನಿಮ್ಮ ಮಿಲ್ಲಿನ ನಡುಕದಿಂದ ನನ್ನ ಗೋಡೆ ಒಡೀತು" ಅಂದರು.

"ಹದಿನೆಂಟು ವರ್ಷದಿಂದ ಮಿಲ್ಲು ನಡುಗ್ತಾ ಅದೆ. ಆಗ ಒಡೀದೆ ಇದ್ದದ್ದು ಈಗ್ಯಾಕೆ ಒಡೀತು?" ಅಂದೆ.

"ಆಗ ಗೋಡೆ ತಾಳಿಕೊಂಡಿತ್ತು" ಅಂದರು.

ಮಹಡಿಯ ಮಾತು ಎತ್ತಿದೆ. ಅವರಿಗೆ ಸಿಟ್ಟು ಬಂತು. ಅಂದಿನಿಂದ ಅವರ ಮನೆಯ ಒಂದು ಹಿಡಿ ಅಕ್ಕಿಯೂ ನನ್ನ ಗಿರಣಿಗೆ ಬರಕೂಡದು ಅಂತ ಅಪ್ಪಣೆ ಆಯಿತು. ಅವರ ತಾಯಿ ವಾರಕ್ಕೆರಡು ಸಲ ಪುಟ್ಟು ಅನ್ನುವ ಹಬೆಯ ತಿಂಡಿಗೆ ಅಕ್ಕಿ ತಂದು, ಅರೆಯುವಷ್ಟು ಹೊತ್ತು ನನ್ನ ಪಕ್ಕದಲ್ಲಿ ಕೂತು, ಸೊಸೆಯ ಮೇಲೆ ಚಾಡಿ ಹೇಳುತ್ತಿದ್ದರು. ಗಿರಣಿಯ ಸದ್ದಿಗೆ ನನಗೆ ಅರ್ಧ ಕೇಳಿಸುತ್ತಿರಲಿಲ್ಲ, ಆದರೂ "ಹೌದಾ ಅಮ್ಮಾ, ಅಯ್ಯೋ" ಅನ್ನುತ್ತಿದ್ದೆ. ಅದೂ ನಿಂತಿತು. ಗೋಡೆ ಒಡೆದದ್ದು ಅವರದು, ಚಾಡಿಯ ನಷ್ಟ ನನ್ನದು. ಅದಕ್ಕೆ ಪರಿಹಾರ ಕೇಳುವ ಉಪಾಯ ನನಗೆ ತಿಳಿಯಲಿಲ್ಲ.

ಮೊದಲ ಬುಧವಾರ

ಮಾಲೀಕರು ತಾವು ಬರುವುದನ್ನು ಬಿಟ್ಟು ಪಿರಿವಿನವರನ್ನು ಕಳಿಸಿದರು. ಪಿರಿವು ಅಂದರೆ ಮಲಯಾಳದಲ್ಲಿ ವಸೂಲಿ. ಈ ಪಿರಿವಿನವರು ಒಂದು ಚೀಟಿ ಹಣದ ಕಂಪೆನಿಗೆ ಪೇಟೆಪೇಟೆ ತಿರುಗಿ ಕಂತು ಎತ್ತುವವರು, ಜೊತೆಗೆ ಇಂಥ ಬಾಕಿಗಳನ್ನೂ ಕೈಗೆತ್ತಿಕೊಳ್ಳುತ್ತಿದ್ದರು. ಸೋಮವಾರ ಪನಮರಂ, ಬುಧವಾರ ಕಾಟ್ಟಿಕುಳಂ ದಾಟಿ ಬಾವಲಿ, ದಾರಿಯಲ್ಲಿ ಬಾಕಿ ಇದ್ದಲ್ಲಿ ಇಳಿಯುವುದು, ಹೀಗೆ ಅವರ ವಾರ. ಐವತ್ತು ದಾಟಿದ ಮನುಷ್ಯ. ಕಂಕುಳಲ್ಲಿ ರೆಕ್ಸಿನ್ ಚೀಲ, ಕೈಯಲ್ಲಿ ಉದ್ದ ಕೊಡೆ, ಅಂಗಿಯ ಜೇಬಿನಲ್ಲಿ ಒಂದು ನೀಲಿ ಪೆನ್ನು, ಒಂದು ಕೆಂಪು ಪೆನ್ನು.

ಬಾಗಿಲಲ್ಲಿ ನಿಂತು, ಗಂಟಲು ಸರಿಮಾಡಿಕೊಂಡು, ಹೆದರಿಸುವ ದನಿಯಲ್ಲಿ ಮಲಯಾಳದಲ್ಲಿ ಶುರುಮಾಡಿದರು. "ಓಣಂ ಹಬ್ಬದ ಒಳಗೆ ನೀವು ಈ ನಷ್ಟ ಕೊಡದೇ ಹೋದರೆ..."

ಅಷ್ಟರಲ್ಲಿ ನಾನು ಬ್ಯಾಡಗಿ ಮೆಣಸಿನಕಾಯಿಯ ಮೇಲೆ ಗುಂಟೂರು ಮೆಣಸಿನಕಾಯಿ ಸುರಿದೆ.

ಮುಂದಿನ ಮಾತು ಹೊರಗೆ ಬರಲಿಲ್ಲ. ಕೆಮ್ಮು ಬಂತು, ಸೀನು ಬಂತು, ಕಣ್ಣಲ್ಲಿ ಧಾರಾಕಾರ ನೀರು. ಮನುಷ್ಯ ಕೊಡೆಯನ್ನು ಎದೆಗೆ ಅವುಚಿಕೊಂಡು ಅಳುವುದನ್ನು ನೋಡಿ ಎದುರಿನ ಚಾಯದಂಗಡಿಯವರು ಓಡಿ ಬಂದರು. "ಏನ್ರೀ, ಬಾಕಿ ಕೊಡಲಿಲ್ಲ ಅಂತ ವಸೂಲಿಯವರು ಅಳೋದನ್ನ ನಾನು ಇವತ್ತೇ ನೋಡಿದ್ದು" ಅಂದರು.

ಗಿರಣಿ ನಿಲ್ಲಿಸಿ ನೀರು ಕೊಟ್ಟೆ. ಕುಡಿದು ಸುಧಾರಿಸಿಕೊಂಡು, ನನ್ನ ಮಾತಿನ ಧಾಟಿ ಹಿಡಿದು, "ನೀವು ಕನ್ನಡದವರಾ? ನಾನು ಸಣ್ಣವನಿದ್ದಾಗ ಮೈಸೂರಲ್ಲಿ ಬೇಕರಿ ಕೆಲಸ ಮಾಡಿದ್ದೆ ಅಕ್ಕಾ" ಅಂದರು. ಹರುಕು ಮುರುಕು ಕನ್ನಡ. ಆದರೆ ನನ್ನನ್ನು 'ಅಕ್ಕಾ' ಅಂತ ಯಾರಾದರೂ ಕರೆದು ಎಷ್ಟು ಕಾಲವಾಗಿತ್ತೋ! ಸಿಟ್ಟು ಮಾಡಬೇಕಾದ ಕಡೆ ನಾನು ಚಾಯಕ್ಕೆ ನೀರಿಟ್ಟೆ.

ಚಾಯ ಕುಡಿದು ಅವರು ನೋಟೀಸು ಕೊಟ್ಟರು. ಮಲಯಾಳದಲ್ಲಿತ್ತು. ಓಣಂ ಒಳಗೆ ಪರಿಹಾರ ಕೊಡದಿದ್ದರೆ ಗಿರಣಿಯ ಮೋಟಾರು ಬಿಚ್ಚಿಕೊಂಡು ಹೋಗಲಾಗುವುದು ಅಂತ ಬರೆದಿತ್ತು. ಬಸ್ಸಿನ ಬೋರ್ಡು, ರೇಷನ್ ಕಾರ್ಡು ಓದುತ್ತಾ ಓದುತ್ತಾ ನನಗೆ ಮಲಯಾಳ ಓದುವುದು ಚೆನ್ನಾಗಿಯೇ ಬರುತ್ತದೆ. ಪೂರ್ತಿ ಓದಿದೆ. ಮೋಟಾರು ಹೋದರೆ ಗಿರಣಿಯಿಲ್ಲ, ಗಿರಣಿ ಇಲ್ಲದೆ ನಾನು ಈ ಊರಲ್ಲಿ ಯಾರು? ತಮ್ಮನ ಮನೆಯ ಮೂಲೆಯಲ್ಲಿ ಸೊಪ್ಪು ಬಿಡಿಸುತ್ತಾ ಕೂರಬೇಕು. ಕಾಗದವನ್ನು ತಲೆಕೆಳಗೆ ಹಿಡಿದು, "ನನಗೆ ಮಲಯಾಳ ಓದೋಕೆ ಬರಾಕಿಲ್ಲ. ಕನ್ನಡದಲ್ಲಿ ಬರ್ಕಂಡು ಬನ್ನಿ" ಅಂದೆ.

ಪಿರಿವಿನವರು ತಲೆ ಕೆರೆದುಕೊಂಡರು. "ಮಾತಾಡೋದು ಬರ್ತದೆ ಅಕ್ಕಾ, ಬರೆಯೋದು ಮರೆತುಹೋಗಿದೆ. ಕಲೀಬೇಕು."

"ಕಲೀರಿ. ನಾನೇನು ಓಡಿಹೋಗ್ತೀನಾ?"

ಓಡಿಹೋಗದ ಬಾಕಿದಾರರನ್ನು ಅವರು ಕಂಡದ್ದು ಅದೇ ಮೊದಲು ಅಂತ ಆಮೇಲೆ ಗೊತ್ತಾಯಿತು.

ಟಾನಿಕ್ಕು

ಆ ದಿನಗಳಲ್ಲಿಯೇ ನನಗೊಂದು ಕಾಯಿಲೆ ಶುರುವಾಯಿತು. ಬೆಳಗ್ಗೆ ಎದ್ದು, ಗೋಡೆಗೆ ಬೆನ್ನು ಕೊಟ್ಟು ಚಾಯ ಕುಡಿಯುತ್ತಾ ಕೂತರೆ ಎದೆಯೊಳಗೆ ದುಂ, ದುಂ, ದುಂ ಅನ್ನುತ್ತಿತ್ತು. ಗಿರಣಿ ಇನ್ನೂ ಹಚ್ಚಿರುವುದಿಲ್ಲ, ಸುತ್ತ ಎಲ್ಲ ನಿಶ್ಶಬ್ದ, ನನ್ನ ಎದೆಯೊಂದೇ ಕುಟ್ಟುವುದು. ಎದ್ದು ರಸ್ತೆಗೆ ಬಂದರೆ ನಿಂತುಹೋಗುತ್ತಿತ್ತು. ಮೋಟಾರಿನ ಚಿಂತೆ ಎದೆಗೆ ಇಳಿಯಿತು, ಇನ್ನು ನನ್ನ ಕತೆ ಮುಗಿಯಿತು ಅಂದುಕೊಂಡೆ.

ಆಸ್ಪತ್ರೆಗೆ ಹೋದೆ. ಡಾಕ್ಟರು ಎದೆಯ ಮೇಲೆ, ಬೆನ್ನಿನ ಮೇಲೆ ಸ್ಟೆತಸ್ಕೋಪು ಇಟ್ಟು ನೋಡಿದರು. "ಎದೆಗೇನೂ ಆಗಿಲ್ಲ. ಮನೆಯಲ್ಲಿ ಯಾರ್ಯಾರಿದ್ದೀರಿ?" ಅಂದರು.

"ನಾನೊಬ್ಬಳೇ."

"ಹಾಗಾದರೆ ಅದೇ. ಒಬ್ಬರೇ ಇರುವವರಿಗೆ ತಮ್ಮ ಎದೆಯ ಸದ್ದೇ ದೊಡ್ಡದಾಗಿ ಕೇಳಿಸುತ್ತದೆ" ಅಂದು ಚೀಟಿ ಬರೆದರು. ಊಟವಾದ ಮೇಲೆ ಎರಡು ಚಮಚ ಟಾನಿಕ್ಕು, ಜೊತೆಗೆ ದಿನಾ ಯಾರ ಹತ್ತಿರವಾದರೂ ಸ್ವಲ್ಪ ಹೊತ್ತು ಮಾತು.

ಟಾನಿಕ್ಕು ಮಾನಂದವಾಡಿಯ ಔಷಧಿ ಅಂಗಡಿಯಲ್ಲಿ ಸಿಕ್ಕಿತು. ಎರಡನೆಯ ಔಷಧಿಗೆ ಬುಧವಾರದ ತನಕ ಕಾಯಬೇಕಾಗುತ್ತಿತ್ತು.

ಅರ್ಧ ಮೀಸೆ

ಪಿರಿವಿನವರು ನ್ಯಾಯವಂತರು. "ಬಿರುಕು ಬೆಳೀತಾ ಇದೆಯಾ ಇಲ್ಲವಾ ನೋಡಬೇಕು. ಅದರ ಮೇಲೆ ಕಾಗದದ ಪಟ್ಟಿ ಅಂಟಿಸೋಣ. ಪಟ್ಟಿ ಹರಿದರೆ ಬೆಳೀತು, ಹರೀದಿದ್ದರೆ ಇಲ್ಲ" ಅಂದರು. ಮಾಲೀಕರೂ ಒಪ್ಪಿದರು. ಅಂಟು ಮಾಡುವುದಕ್ಕೆ ಹಿಟ್ಟು ಬೇಕಲ್ಲ? ಹಿಟ್ಟಿನ ಮನೆಯೇ ಪಕ್ಕದಲ್ಲಿರುವಾಗ ಯೋಚನೆ ಏನು. ನಾನೇ ರಾಗಿ ಹಿಟ್ಟು ಕಾಯಿಸಿ ಕೊಟ್ಟೆ. ಕ್ಷೌರದ ಅಂಗಡಿಯೊಳಗೆ ಬಿರುಕಿನ ಉದ್ದಕ್ಕೂ ಐದು ಪಟ್ಟಿ ಅಂಟಿಸಿ, ಒಂದೊಂದರ ಮೇಲೂ ಕೆಂಪು ಪೆನ್ನಿನಲ್ಲಿ ಸಹಿ ಹಾಕಿದರು.

ಮುಂದಿನ ಬುಧವಾರ ಒಂದು ಪಟ್ಟಿಯೂ ಇರಲಿಲ್ಲ. ಅಂಗಡಿಗೆ ನುಗ್ಗಿದ ಮೇಕೆಯೊಂದು ಎಲ್ಲವನ್ನೂ ತಿಂದುಬಿಟ್ಟಿತ್ತು. "ಸಾಕ್ಷಿ ನಾಶ! ರಾಗಿ ಅಂಟು ಹಾಕಿ ಬೇಕಂತಲೇ ಮೇಕೆಗೆ ತಿನ್ನಿಸಿದ್ದಾರೆ!" ಅಂತ ಮಾಲೀಕರು ಕೂಗಾಡಿದರು. ಮೇಕೆ ಯಾರದು ಅಂತ ಪಿರಿವಿನವರು ವಿಚಾರಿಸಿದರು. ಮೇಕೆ ಮಾಲೀಕರದ್ದೇ.

ಎರಡನೆಯ ಸಲ ಮೇಕೆ ತಿನ್ನಬಾರದು ಅಂತ ಅಂಟಿಗೆ ಒಂದು ಹಿಡಿ ಮೆಣಸಿನ ಪುಡಿ ಕಲಸಿ ಕೊಟ್ಟೆ. ಅದು ನನ್ನದೇ ಬುದ್ಧಿ, ಇಲ್ಲ ಅನ್ನುವುದಿಲ್ಲ. ಮೇಕೆ ಹತ್ತಿರ ಸುಳಿಯಲಿಲ್ಲ. ಆದರೆ ಅಂಟು ಒಣಗಿತು, ಪುಡಿಪುಡಿಯಾಯಿತು, ಮೇಲೆ ಫ್ಯಾನು ತಿರುಗುತ್ತಿತ್ತು. ಕ್ಷೌರದವರು ಒಬ್ಬ ಗಿರಾಕಿಯ ಮೀಸೆ ತಿದ್ದುತ್ತಿದ್ದರು. ಮರುವಾರ ಆ ಗಿರಾಕಿ ಹೆಣ್ಣು ನೋಡುವುದಕ್ಕೆ ಹೋಗುವವನಿದ್ದ. ಅವನು ಸೀನಿದ್ದು ಒಂದೇ ಸಲ. ಅಷ್ಟು ಸಾಕಾಯಿತು. ಮೀಸೆಯ ಎಡಗಡೆ ಪೂರ್ತಿ ಹೋಯಿತು.

ಅವನು ಅರ್ಧ ಮುಖಕ್ಕೆ ಸೋಪಿನ ನೊರೆ, ಅರ್ಧ ಮೀಸೆ ಇಟ್ಟುಕೊಂಡೇ ರಸ್ತೆಗೆ ಹಾರಿ, "ನನಗೂ ನಷ್ಟಪರಿಹಾರ ಬೇಕು! ನನ್ನದನ್ನೂ ಪಿರಿವಿಗೆ ಹಾಕಿ!" ಅಂತ ಬಸ್ಸಿಳಿದು ಬರುತ್ತಿದ್ದ ಪಿರಿವಿನವರನ್ನು ಹಿಡಿದುಕೊಂಡ.

ಪಿರಿವಿನವರು ನಗಲಿಲ್ಲ. ಚೀಲ ಬಿಚ್ಚಿ ಕಾಗದ ತೆಗೆದು, ಕನ್ನಡಕ ಏರಿಸಿ ಕೇಳಿದರು. "ಬರ್ಕೊಳ್ತೇನೆ. ಮೀಸೆ ಸ್ಥಿರಾಸ್ತಿಯಾ, ಚರಾಸ್ತಿಯಾ?"

ಖಾರದ ಚಪಾತಿ

ಬುಧವಾರಗಳು ಹೀಗೇ ಹೋಗುತ್ತಿದ್ದವು. ಅವರು ಮಧ್ಯಾಹ್ನದ ಬಸ್ಸಿಗೆ ಇಳಿಯುವ ಹೊತ್ತಿಗೆ ನಾನು ಯಂತ್ರ ನಿಲ್ಲಿಸಿ, ಬೆಂಚಿನ ಮೇಲಿನ ಮೆಣಸಿನ ಧೂಳು ಒರೆಸಿರುತ್ತಿದ್ದೆ. ಮೊದಲು ಅವರು ಚೀಲ ತೆರೆದು, "ಕನ್ನಡ ನೋಟೀಸು ಇನ್ನೂ ಆಗಿಲ್ಲ ಅಕ್ಕಾ, 'ಕ' ದಿಂದ 'ಮ' ತನಕ ಬಂದಿದೆ" ಅಂತ ವರದಿ ಒಪ್ಪಿಸುವುದು. ಆಮೇಲೆ ಚಾಯ.

ಒಂದು ದಿನ ಕೇಳಿದೆ. "ಅಲ್ಲ, ಇಷ್ಟು ಮನೆ ತಿರುಗ್ತೀರಲ್ಲ, ಎಲ್ಲಾ ಕಡೇನೂ ಹಿಂಗೇ ಚಾಯ ಕೊಡ್ತಾರಾ?"

"ಚಾಯನಾ?" ಅಂತ ನಕ್ಕರು. "ಇಪ್ಪತ್ತು ವರ್ಷದಿಂದ ಈ ಕೆಲಸ ಅಕ್ಕಾ. ನಾನು ಹೋದ ಯಾವ ಮನೆಯಲ್ಲೂ ಯಾರೂ ಇರೋದೇ ಇಲ್ಲ. ಒಲೆ ಉರೀತಾ ಇರ್ತದೆ, ತೊಟ್ಟಿಲು ತೂಗ್ತಾ ಇರ್ತದೆ, ಒಳಗಿಂದ 'ಇಲ್ಲಿ ಯಾರೂ ಇಲ್ಲ' ಅಂತ ಉತ್ತರಾನೂ ಬರ್ತದೆ."

ಅದೇ ದಿನ ಅವರು ಒಂದು ಚೀಲ ಗೋಧಿ ತಂದಿದ್ದರು, ಅರೆದುಕೊಡಿ ಅಂದರು. "ಇವತ್ತು ಮೆಣಸಿನಕಾಯಿ ದಿನ ಕಣ್ರೀ, ಖಾರ ಆಯ್ತದೆ. ನಾಳೆ ಬನ್ನಿ" ಅಂದೆ. ನಾಳೆ ಅವರ ದಾರಿ ಬೇರೆ ಕಡೆಗೆ. "ಸಾರಮಿಲ್ಲ, ಪರವಾಗಿಲ್ಲ, ಸ್ವಲ್ಪ ಖಾರ ಆದರೆ ಆಗಲಿ" ಅಂತ ಹಟ ಹಿಡಿದರು. ಅರೆದುಕೊಟ್ಟೆ. ಹಿಟ್ಟು ಕೆಂಪಗೆ, ಕುಂಕುಮ ಕಲಸಿದ ಹಾಗೆ ಬಂತು.

ಮುಂದಿನ ವಾರ ಬಂದವರ ತುಟಿ ಊದಿತ್ತು. "ಏನ್ರೀ, ಆ ಹಿಟ್ಟು ಎಸೀಲಿಲ್ವಾ?"

"ಇಲ್ಲ ಅಕ್ಕಾ. ವಾರ ಪೂರ್ತಿ ಅದೇ ಚಪಾತಿ."

"ಮನೇಲಿ ಯಾರೂ ಬೈಲಿಲ್ವಾ?"

"ಬೈಯೋಕೆ ಯಾರಾದರೂ ಇರಬೇಕಲ್ಲ" ಅಂದರು. "ನಾನೊಬ್ಬನೇ. ಖಾರ ಅಂತ ಹೇಳೋದಾದರೂ ಯಾರಿಗೆ? ಬುಧವಾರ ನಿಮಗೇ ಹೇಳೋಣ ಅಂತ ಇಟ್ಟುಕೊಂಡೆ."

ನನ್ನ ಮುಖ ಅವರಿಗೆ ಕಾಣಬಾರದಿತ್ತು. ಅದನ್ನು ಮುಚ್ಚಿಕೊಳ್ಳುವುದಕ್ಕೆ ಪುಡಿ ಕಟ್ಟಲು ಇಟ್ಟಿದ್ದ ಹಳೆಯ ಪೇಪರಿನ ಹಾಳೆ ಎತ್ತಿಕೊಂಡು ಮುಖಕ್ಕೆ ಅಡ್ಡ ಹಿಡಿದೆ. ಸುಮ್ಮನೆ ಹಿಡಿದಿದ್ದರೆ ಆಗುತ್ತಿತ್ತು. ಕಣ್ಣು ತಾನಾಗಿ ಓದತೊಡಗಿತು. ಯಾರದೋ ಆನೆ ಮದುವೆ ಚಪ್ಪರಕ್ಕೆ ನುಗ್ಗಿ, ಅಡುಗೆ ಭಟ್ಟರನ್ನು ಬಿಟ್ಟು ಪಾಯಸವನ್ನಷ್ಟೇ ಕುಡಿದು ಹೋದ ಸುದ್ದಿ. ಜೋರಾಗಿ ನಗು ಬಂದುಬಿಟ್ಟಿತು.

ಪೇಪರು ಮಲಯಾಳದ್ದು. ತಲೆಯೆತ್ತಿ ನೋಡಿದರೆ ಪಿರಿವಿನವರು ನನ್ನನ್ನೇ ನೋಡುತ್ತಿದ್ದರು.

ಆಮೇಲೆ ಅವರು ಚಾಯದ ಲೋಟ ಕೆಳಗಿಟ್ಟು, "ಚಿತ್ರ ನೋಡಿ ನಕ್ಕಿರಾ ಅಕ್ಕಾ?" ಅಂದರು.

ಆ ಹಾಳೆಯಲ್ಲಿ ಚಿತ್ರವೇ ಇರಲಿಲ್ಲ. "ಹೂಂ, ಚಿತ್ರ ಚೆನ್ನಾಗದೆ" ಅಂದೆ.

ನೀರಿನ ಲೋಟ

ಓಣಂ ಹತ್ತಿರ ಬಂತು. ಮಾಲೀಕರಿಗೆ ತಾಳ್ಮೆ ತಪ್ಪಿತು. ಪಂಚಾಯತಿನಿಂದ ಓವರ್ಸಿಯರನ್ನು ಕರೆಸಿ, ಅವರ ಎದುರಿಗೇ ಪರೀಕ್ಷೆ ಮಾಡಿಸುವುದು, ಗಿರಣಿಯ ತಪ್ಪು ಅಂತ ಆದರೆ ಅವತ್ತೇ ಮೋಟಾರು ಬಿಚ್ಚಿಸುವುದು ಅಂತ ಗೊತ್ತುಮಾಡಿದರು. ದಿನ ಬುಧವಾರ. ಓವರ್ಸಿಯರು ಈಚೆಗಷ್ಟೇ ಬೇರೆ ಕಡೆಯಿಂದ ಬಂದವರು, ನನ್ನ ಗಿರಣಿ ಓಡುವುದನ್ನು ಕೇಳಿದವರಲ್ಲ.

ಪರೀಕ್ಷೆ ಏನು ಅಂದರೆ, ಕ್ಷೌರದ ಅಂಗಡಿಯಲ್ಲಿ ಬಿರುಕಿನ ಪಕ್ಕದ ಹಲಗೆಯ ಮೇಲೆ ತುಂಬಿದ ನೀರಿನ ಲೋಟ ಇಡುವುದು. ಕ್ಷೌರದವರು ಬಾಗಿಲಿಗೆ ಬಂದು ಟವೆಲು ಬೀಸಿದಾಗ ನಾನು ಗಿರಣಿ ಹಚ್ಚುವುದು. ನೀರು ನಡುಗಿದರೆ ತಪ್ಪು ನನ್ನದು.

ಬೆಳಗ್ಗೆ ಎರಡು ಚಮಚದ ಬದಲು ನಾಲ್ಕು ಚಮಚ ಟಾನಿಕ್ಕು ಕುಡಿದೆ. ಪಿರಿವಿನವರು ಬಂದರು, ಚಾಯ ಬೇಡ ಅಂದರು. "ಅಕ್ಕಾ, ನಿಧಾನಕ್ಕೆ ಹಚ್ಚಿ" ಅಂತ ಪಿಸುಗುಟ್ಟಿದರು. ಗಿರಣಿಗೆ ನಿಧಾನ ಅಂತ ಒಂದು ಗುಂಡಿ ಇದ್ದರಲ್ಲವೇ!

ಟವೆಲು ಬೀಸಿದ್ದು ಕಾಣಿಸಿತು. ಯಜಮಾನರನ್ನು ನೆನೆದು ಹಿಡಿಕೆ ಎಳೆದೆ. ಏನೂ ಆಗಲಿಲ್ಲ. ಮತ್ತೆ ಎಳೆದೆ. ಕರೆಂಟು ಹೋಗಿತ್ತು.

ಹೇಳಿಬರೋಣ ಅಂತ ಪಕ್ಕದ ಅಂಗಡಿಗೆ ಹೋದೆ. ಎಲ್ಲರೂ ನನಗೆ ಬೆನ್ನು ಹಾಕಿ ಲೋಟದ ಮೇಲೆ ಬಗ್ಗಿದ್ದರು. ಅಂಗಡಿಯೊಳಗೆ ದುಂ, ದುಂ ಅಂತ ಸದ್ದು. ಲೋಟದ ನೀರು ಗಡಗಡ ನಡುಗುತ್ತಿತ್ತು.

"ನೋಡಿದಿರಾ ಸಾರ್! ಇದು ಅವರ ಮಿಲ್ಲು!" ಅಂತ ಮಾಲೀಕರು ಕುಣಿಯುತ್ತಿದ್ದರು.

"ಸದ್ದು ಇಷ್ಟೇನಾ?" ಅಂದರು ಓವರ್ಸಿಯರು.

"ಈಗ ಶುರು ಸಾರ್, ಇನ್ನೂ ಜೋರಾಗ್ತದೆ!"

ಓವರ್ಸಿಯರು ಬರೆದುಕೊಳ್ಳತೊಡಗಿದರು. ಪಿರಿವಿನವರ ಮುಖ ಬಾಡಿಹೋಗಿತ್ತು. ನಾನು ಹಿಂದಿನಿಂದ, "ಸಾರ್" ಅಂದೆ.

ಮಾಲೀಕರು ತಿರುಗಿ ನನ್ನನ್ನು ನೋಡಿ ಕಿರುಚಿದರು. "ಇಲ್ಲಿ ಯಾಕೆ ನಿಂತಿದ್ದೀರಿ? ಹೋಗಿ ಮಿಲ್ಲು ನಿಲ್ಲಿಸಿ ಮೊದಲು! ಗೋಡೆ ಬೀಳ್ತದೆ!"

"ಅದನ್ನೇ ಹೇಳೋಕೆ ಬಂದೆ. ಕರೆಂಟಿಲ್ಲ. ಮಿಲ್ಲು ಇನ್ನೂ ಹಚ್ಚೇ ಇಲ್ಲ."

ಎಲ್ಲರೂ ಮೇಲೆ ನೋಡಿದರು. ಫ್ಯಾನು ನಿಂತಿತ್ತು. ದುಂ, ದುಂ ಮಾತ್ರ ನಿಂತಿರಲಿಲ್ಲ. ಚಾವಣಿಯಿಂದ ಒಂದಿಷ್ಟು ಗಾರೆ ಉದುರಿ ಓವರ್ಸಿಯರ ಬೋಳುತಲೆಯ ಮೇಲೆ ಬಿತ್ತು. ಅವರು ಅದನ್ನು ಒರೆಸಿಕೊಂಡು ಹೊರಗಿನ ಮೆಟ್ಟಿಲು ಹತ್ತಿದರು. ಹಿಂದೆ ನಾವೆಲ್ಲ.

ಮಹಡಿಯಲ್ಲಿ, ನಟ್ಟನಡುವೆ, ಆಳೆತ್ತರದ ಒನಕೆ ಹಿಡಿದು, ದೊಡ್ಡ ಮರದ ಒರಳಿನಲ್ಲಿ ಮಾಲೀಕರ ತಾಯಿ ಅಕ್ಕಿ ಕುಟ್ಟುತ್ತಿದ್ದರು.

"ಅಮ್ಮಾ! ಇದೇನು ಮಾಡ್ತಾ ಇದ್ದೀರಿ?" ಅಂದರು ಮಾಲೀಕರು.

ಮುದುಕಿ ಒನಕೆ ನಿಲ್ಲಿಸಲಿಲ್ಲ. "ಆಫೀಸಿನ ಸಾರ್ ಬರ್ತಾರೆ, ಪುಟ್ಟು ಮಾಡಿ ಅಂದದ್ದು ನೀನು. ಮಿಲ್ಲಿಗೆ ಹೋಗಬೇಡಿ ಅಂದದ್ದೂ ನೀನು. ಅಕ್ಕೀನ ನಾನೇನು ಹಲ್ಲಲ್ಲಿ ಅರೀಲಾ? ಹಲ್ಲಾದರೂ ಎಲ್ಲಿದೆ?" ಅಂದು ಮತ್ತೊಂದು ಏಟು ಹಾಕಿದರು. "ಆರು ತಿಂಗಳಿಂದ ದಿನಾ ಬೆಳಗ್ಗೆ ಕುಟ್ಟಿ ಕುಟ್ಟಿ ತೋಳು ಬಿದ್ದುಹೋಗಿದೆ. ಸಾರ್, ನಷ್ಟಪರಿಹಾರ ಬರ್ಕೊಳ್ಳೋರು ನೀವೇನಾ? ಈ ತೋಳು ಬರ್ಕೊಳ್ಳಿ."

ದಿನಾ ಬೆಳಗ್ಗೆ! ಗೋಡೆಗೆ ಬೆನ್ನು ಕೊಟ್ಟು ಕೂತಾಗ ಕೇಳುತ್ತಿದ್ದ ನನ್ನ ಎದೆಯ ಕಾಯಿಲೆ ಇದು. ಈ ಮುದುಕಿಯ ಒನಕೆಗೆ ನಾನು ಮೂರು ಬಾಟಲಿ ಟಾನಿಕ್ಕು ಕುಡಿದಿದ್ದೆ.

ಸಹಿ

ಮಣ್ಣಿನ ಗೋಡೆಯ ಮೇಲೆ ಮಹಡಿ, ಮಹಡಿಯ ಮೇಲೆ ಒರಳು, ಇದಕ್ಕೆ ಗಿರಣಿ ಹೊಣೆಯಲ್ಲ ಅಂತ ಓವರ್ಸಿಯರು ಬರೆದುಕೊಟ್ಟು, ಪುಟ್ಟು ತಿಂದು ಹೋದರು. ಮಾಲೀಕರು ತಗಾದೆ ಹಿಂತೆಗೆದುಕೊಂಡರು. ಮೋಟಾರು ಉಳಿಯಿತು. ಮುದುಕಿ ಮರುದಿನವೇ ಅಕ್ಕಿ ತಂದು, ಆರು ತಿಂಗಳ ಚಾಡಿಯನ್ನು ಒಂದೇ ಕೂತಿನಲ್ಲಿ ಹೇಳಿ ಮುಗಿಸಿ, ತೋಳಿಗೆ ಎಣ್ಣೆ ಹಚ್ಚಿಕೊಳ್ಳಬೇಕು ಅಂತ ಬೇಗ ಎದ್ದು ಹೋದರು.

ನಾನು ಗೆದ್ದೆ. ಗೆದ್ದವರು ಸಂತೋಷವಾಗಿರಬೇಕು. ಬೆಳಗ್ಗೆ ಗೋಡೆಗೆ ಒರಗಿ ಕೂತರೆ ದುಂ ಅನ್ನುವ ಸದ್ದೂ ಇಲ್ಲ. ಗೋಡೆಯ ಆಚೆಗೆ ಯಾರೋ ಇದ್ದಾರೆ ಅಂತ ಗೊತ್ತಿಲ್ಲದೆಯೇ ನಾನು ಆರು ತಿಂಗಳು ಅವರ ಜೊತೆ ಚಾಯ ಕುಡಿದಿದ್ದೆ ಅಂತ ಅನ್ನಿಸಿತು. ಬುಧವಾರ ಬಂತು. ಬೆಂಚು ಒರೆಸಿ, ಎರಡು ಲೋಟ ತೊಳೆದಿಟ್ಟೆ. ಮಧ್ಯಾಹ್ನದ ಬಸ್ಸು ಬಂತು, ಹೋಯಿತು. ಬಾಕಿಯೇ ಇಲ್ಲದ ಮನೆಗೆ ಪಿರಿವಿನವರು ಯಾಕೆ ಇಳಿಯುತ್ತಾರೆ? ಎರಡನೆಯ ಬುಧವಾರವೂ ಹಾಗೇ. ಅವತ್ತು ಇಬ್ಬರ ಚಾಯವನ್ನೂ ನಾನೇ ಕುಡಿದೆ. ನನಗೆ ತುಂಬಾ ಬೇಜಾರಾಯಿತು. ಮೆಣಸಿನಕಾಯಿ ಅರೆಯುವ ದಿನದ ಒಂದು ಅನುಕೂಲ ಏನೆಂದರೆ, ಕಣ್ಣಲ್ಲಿ ನೀರು ಯಾಕೆ ಅಂತ ಯಾರೂ ಕೇಳುವುದಿಲ್ಲ.

ಮೂರನೆಯ ಬುಧವಾರ ಬಸ್ಸಿನಿಂದ ಮೊದಲು ಕೊಡೆ ಇಳಿಯಿತು, ಆಮೇಲೆ ಚೀಲ, ಆಮೇಲೆ ಅವರು.

"ಒಂದು ಕಾಗದ ಬಾಕಿ ಇದೆ ಅಕ್ಕಾ" ಅಂದರು. "ಎರಡು ಕಡೆಯವರಿಗೂ ಇನ್ನು ಯಾವ ತಗಾದೆಯೂ ಇಲ್ಲ ಅಂತ. ಮಾಲೀಕರು ಸಹಿ ಹಾಕಿದ್ದಾರೆ. ನೀವೂ ಹಾಕಿದರೆ ಇದು ಮುಗೀತು. ಆಮೇಲೆ ನಾನು ಇಲ್ಲಿ ಇಳಿಯೋ ಹಾಗಿಲ್ಲ. ನಿಮ್ಮ ಸಹಿ ಸಿಗೋ ತನಕ ಮಾತ್ರ ಬರ್ತಾ ಇರಬೇಕು, ಅದು ನಮ್ಮ ಕೆಲಸದ ಕ್ರಮ."

ಕಾಗದ ತೆಗೆದುಕೊಂಡೆ. ಕನ್ನಡದಲ್ಲಿತ್ತು. ದಪ್ಪ ದಪ್ಪ ಅಕ್ಷರ, ಬೇಕರಿಯ ಬಿಸ್ಕತ್ತು ಜೋಡಿಸಿದ ಹಾಗೆ ಒಂದೊಂದೇ. ಎರಡು ವಾರ ಕೂತು ಬರೆದಿರಬೇಕು. ಒಂದೊಂದು ಸಾಲನ್ನೂ ನಿಧಾನವಾಗಿ, ಎರಡೆರಡು ಸಲ ಓದಿದೆ. ಆಮೇಲೆ ಕಾಗದವನ್ನು ತಲೆಕೆಳಗೆ ಮಾಡಿ ಹಿಡಿದೆ.

"ಇದು ಕನ್ನಡದಲ್ಲಿ ಅದೆ" ಅಂದೆ.

"ನೀವೇ ಕೇಳಿದ್ದಲ್ಲವಾ ಅಕ್ಕಾ?"

"ನನಗೆ ಕನ್ನಡ ಓದೋಕೆ ಬರಾಕಿಲ್ಲ ಕಣ್ರೀ. ಮಲಯಾಳದಲ್ಲಿ ಬರ್ಕಂಡು ಬನ್ನಿ."

ಪಿರಿವಿನವರು ನನ್ನ ಮುಖ ನೋಡಿದರು, ತಲೆಕೆಳಗಾದ ಕಾಗದ ನೋಡಿದರು, ಬೆಂಚಿನ ಮೇಲಿದ್ದ ಎರಡು ಲೋಟ ನೋಡಿದರು. ಕಾಗದವನ್ನು ಮಡಚಿ ಚೀಲದೊಳಗೆ ಇಟ್ಟುಕೊಂಡರು.

"ಶರಿ ಅಕ್ಕಾ. ಬರೆಯೋಕೆ ಸಮಯ ಬೇಕು."

"ಎಷ್ಟು?"

"ಬುಧವಾರದ ತನಕ."

ಮುಂದಿನ ಬುಧವಾರ ಮಲಯಾಳದ ಕಾಗದ ಬಂತು. ಇನ್ನು ನನಗೆ ಯಾವ ನೆಪವೂ ಉಳಿದಿರಲಿಲ್ಲ. ಆದದ್ದಾಗಲಿ ಅಂತ ಕೈ ಚಾಚಿ, ಸಹಿ ಹಾಕುವುದಕ್ಕೆ ಪೆನ್ನು ಕೇಳಿದೆ. ಇಪ್ಪತ್ತು ವರ್ಷ ಪ್ರತಿ ಬಾಗಿಲಲ್ಲೂ ಸಹಿ ಹಾಕಿಸಿಕೊಂಡ ಮನುಷ್ಯ ಚೀಲ ತಡಕಿದರು, ಪಂಚೆಯ ಮಡಿಕೆ ತಡಕಿದರು, ಕೊಡೆಯನ್ನೂ ಬಿಚ್ಚಿ ಒಳಗೆ ನೋಡಿದರು.

"ಅಯ್ಯೋ, ಪೆನ್ನು ತರೋದೇ ಮರೆತುಬಿಟ್ಟೆ ಅಕ್ಕಾ" ಅಂದರು.

ಅವರ ಅಂಗಿಯ ಜೇಬಿನಲ್ಲಿ ನೀಲಿಯೂ ಇತ್ತು, ಕೆಂಪೂ ಇತ್ತು.